ಒಂದು ಹಿಡಿ ಗುಡ್ಡ

ಮದ್ದೂರು
9 ಆಗಸ್ಟ್ 2024

ಚಲುವಮ್ಮನವರಿಗೆ,

ನಮಸ್ಕಾರ. ಫೋನಿನಲ್ಲಿ ನನ್ನ ಮಾತು ನಿಮಗೆ ಕೇಳಿಸುವುದಿಲ್ಲ. ಕೂಗಿ ಹೇಳಿದರೆ ಕಚೇರಿಯವರೆಲ್ಲ ತಿರುಗಿ ನೋಡುತ್ತಾರೆ. ಅದಕ್ಕೇ ಈ ಕಾಗದ. ಕನ್ನಡದಲ್ಲಿ ಕಾಗದ ಬರೆದು ಎಷ್ಟೋ ವರ್ಷಗಳಾದವು. ನಮ್ಮ ಶಾಲೆಯಲ್ಲಿ ರಜಾ ಅರ್ಜಿಯನ್ನೂ ಇಂಗ್ಲಿಷಿನಲ್ಲೇ ಬರೆಸುತ್ತಿದ್ದರು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹೋದ ವಾರ ನಿಮ್ಮೂರಿಗೆ ಬಂದಿದ್ದೆ. ನೀವು ಹಲಗೂರಿನ ಆಸ್ಪತ್ರೆಗೆ ಹೋಗಿದ್ದಿರಂತೆ, ಸಿಗಲಿಲ್ಲ. ಒಬ್ಬಳೇ ಕಾರೆಗುಡ್ಡ ಹತ್ತಿದೆ. ನಮ್ಮ ಸಂಸ್ಥೆ ನೆಟ್ಟ ಸಸಿಗಳಲ್ಲಿ ಬಹಳಷ್ಟು ಒಣಗಿವೆ. ನೀವು ಇದನ್ನು ನೋಡಿಯೇ ಇರುತ್ತೀರಿ, ನನ್ನ ಮುಖ ನೋಡಿ ಹೇಳಿರಲಿಕ್ಕಿಲ್ಲ. ಆದರೆ ನಾವು ನೆಡದೇ ಇದ್ದದ್ದು ಬಂದಿದೆ. ಕುರಿ ಬಾಯಿ ಹಾಕದೆ ಮೂರನೆಯ ಮಳೆಗಾಲವಲ್ಲವೇ? ಕಾರೆ, ಬಂದ್ರೆ, ತಂಗಡಿ ಗಿಡಗಳೆಲ್ಲ ಹಳೆಯ ಬುಡಗಳಿಂದಲೇ ಎದ್ದಿವೆ. ಬೇಲದ ಮರದ ಕೆಳಗೆ ಚಪ್ಪಲಿಗೆ ಮಣ್ಣು ಅಂಟಿತು. ಮೊದಲ ಸಲ ನಾನು ಬಂದಾಗ ಅದೇ ಜಾಗದಲ್ಲಿ ಕಲ್ಲು ಕಾದು, ಕಾಲಿಡಲಾಗದೆ ನಿಮ್ಮ ಸೆರಗು ಹಾಸಿಸಿಕೊಂಡು ಕೂತಿದ್ದೆ.

ಇದನ್ನು ವರದಿಯಲ್ಲಿ ಹೇಗೆ ಬರೆಯುವುದೆಂದು ಯೋಚಿಸುತ್ತಿದ್ದೇನೆ. ಸಸಿ ಸತ್ತಿವೆ, ಗುಡ್ಡ ಬದುಕಿದೆ ಎಂದು ಬರೆಯೋಣವೇ ಎಂದು ನಮ್ಮ ನಿರ್ದೇಶಕರಾದ ಶ್ರೀಕಾಂತ್ ಅವರನ್ನು ಕೇಳಿದೆ. "ವೇದವತಿ, ದಯವಿಟ್ಟು ಕವಿತೆ ಬೇಡ" ಎಂದರು.

ಈ ಕೆಲಸಕ್ಕೆ ಹಣ ಕೊಡುವ ವಿದೇಶಿ ನಿಧಿಯವರು ಅಕ್ಟೋಬರಿನಲ್ಲಿ ಗುಡ್ಡ ನೋಡಲು ಬರುತ್ತಾರೆ. ಸಂಕ್ರಾಂತಿಗೆ ಬೇಲಿ ತೆಗೆದು ಕುರಿಗಳನ್ನು ಬಿಡುವ ವಿಷಯ ಆಗಲೇ ಮಾತಾಡಿ ಮುಗಿಸುತ್ತೇನೆ. ಮೂರು ಮಳೆಗಾಲ ಕೊಡಿ ಎಂದು ಕೇಳಿದ್ದು ನಾನು, ನನಗೆ ನೆನಪಿದೆ.

ಜೊತೆಗೆ ಒಂದು ಫೋಟೋ ಇಟ್ಟಿದ್ದೇನೆ. ಬೇಲಿ ಹಾಕಿದ ದಿನ ನೀವೆಲ್ಲ ನನ್ನ ಮಡಿಲು ತುಂಬಿದ್ದು. ಸಂಸ್ಥೆಯ ವಾರ್ಷಿಕ ವರದಿಯ ಮುಖಪುಟದಲ್ಲಿ ಇದೇ ಬಂದಿದೆ. ನಿಧಿಯವರಿಗೆ ಬಹಳ ಹಿಡಿಸಿತಂತೆ.

ಇಂತಿ,
ವೇದವತಿ

*

ಬೇಲದಕೊಪ್ಪಲು
14 ಸೆಪ್ಟೆಂಬರ್ 2024

ವೇದವತಮ್ಮನಿಗೆ ಚಲುವಮ್ಮ ಮಾಡುವ ಆಶೀರ್ವಾದಗಳು.

ಮೇಷ್ಟ್ರು ಕಲ್ಸಿದ್ದು ಇಷ್ಟೇಯ ಕಣವ್ವ. ಇಲ್ಲಿಂದ ಮುಂದ್ಕೆ ಬಾಯಿಗೆ ಬಂದಂಗೆ ಬರೀತೀನಿ.

ಪಟ ನೋಡ್ದೊ. ನಾನ್ಯಾಕೆ ಅಂಗೆ ಬಾಯ್ ಬುಟ್ಕೊಂಡು ನಿಂತಿವ್ನಿ? ಪಕ್ಕದ್ಮನೆ ಚಿಕ್ಕಬೋರಿ ನೋಡ್ಬುಟ್ಟು, "ಲೇ ಚಲುವಿ, ಅಕ್ಕಿ ಆಕ್ತಿದ್ದೀಯೋ, ಅವಳ ಸೀರೆ ಎಲ್ಲಿ ತಕೊಂಡ್ಳು ಅಂತ ಕೇಳ್ತಿದ್ದೀಯೋ?" ಅಂತ ನಗಾಡಿದ್ಳು. ನೀನಂತೂ ಮದ್ವೆ ಎಣ್ಣು ನಿಂತಂಗೆ ತಲೆ ಬಗ್ಗಿಸ್ಕೊಂಡು ನಿಂತಿದ್ದೀಯೆ. ಪಟ ಗೋಡೆಗ್ ಆಕಿವ್ನಿ.

ಕುರಿ ವಿಚಾರ ಕೇಳ್ಬೇಡ. ನಾಲೆ ಏರಿ ಮೇಲೇ ಮೇಯಿಸ್ತಾ ಇವ್ನಿ. ಬಂಡೂರು ಕುರಿ, ಗಿಡ್ಡ ಕಾಲು, ದೂರ ನಡೀರಿ ಅಂದ್ರೆ ನಡ್ದಾವಾ? ಅರ್ಧ ದಾರೀಲೇ ಕೂತ್ಕತವೆ. ಗದ್ದೆಯೋರು ನಮ್ಮ ಕಂಡ್ರೆ ದೊಣ್ಣೆ ತಕೊಂಡು ಬತ್ತರೆ. ಮೊನ್ನೆ ಒಬ್ಬ, "ನಿಮ್ಮ ಗುಡ್ಡವ ಫಾರಿನ್ನೋರಿಗೆ ಕೊಟ್ಬುಟ್ಟು ನನ್ನ ಬದೀಗ್ ಬತ್ತೀರಾ? ಅಲ್ಲೇ ಓಗಿ, ಇಂಗ್ಲೀಸ್ ಉಲ್ಲು ಕೊಡ್ತರೆ" ಅಂದ. ಚಿಕ್ಕಬೋರಿ ಅರ್ಧ ಮಂದೆ ಮಾರ್ಬುಟ್ಳು. ಬಾಯಿ ಜೋರಾಗೇ ಅದೆ, ಮಾರಿದ್ ದಿನ ಮಾತ್ರ ಉಂಡ್ಲಿಲ್ಲ.

ಸಂಕ್ರಾಂತಿಗೆ ಬೇಲಿ ತೆಗೀತಾರಾ ಅಂತ ದಿನಾ ಒಬ್ಬರಲ್ಲಾ ಒಬ್ರು ಕೇಳ್ತರೆ. ತೆಗೀತಾರೆ, ಮಗಳು ಏಳವ್ಳೆ ಅಂತೀನಿ.

ಅದಿರ್ಲಿ, ಮಡಿಲಕ್ಕಿ ಉಂಡ್ಯಾ? ಏಳ್ಲೇ ಇಲ್ವಲ್ಲ. ಪಾಯಸ ಮಾಡ್ದ್ಯೋ, ಬರೀ ಅನ್ನ ಮಾಡ್ಕೊಂಡ್ಯೋ?

ಚಲುವಮ್ಮ

*

ಮದ್ದೂರು
27 ಅಕ್ಟೋಬರ್ 2024

ಚಲುವಮ್ಮನವರಿಗೆ,

ಅತಿಥಿಗಳು ಬಂದ ದಿನ ನಿಮ್ಮ ಜೊತೆ ಕೂತು ಮಾತಾಡಲಾಗಲಿಲ್ಲ. ಇಡೀ ದಿನ ಈ ಕಡೆಯ ಮಾತನ್ನು ಆ ಕಡೆಗೆ ತಿರುಗಿಸುವುದೇ ಆಯಿತು. ಸಂಜೆ ಮಳವಳ್ಳಿಯಲ್ಲಿ ಮದ್ದೂರಿನ ಬಸ್ಸು ಹತ್ತಿದೆ. ಕೆ.ಎಂ.ದೊಡ್ಡಿಯವರೆಗೂ ಮುಂದೆ ಕಬ್ಬಿನ ಗಾಡಿಗಳು. ಬಸ್ಸು ತೆವಳುತ್ತಿತ್ತು. ಬೇಗ ಮನೆ ಸೇರಬೇಕೆಂದೂ ಅನಿಸಲಿಲ್ಲ.

ಆ ಕೆಂಪು ಮುಖದ ಹೆಂಗಸು, ಮಜ್ಜಿಗೆ ಇನ್ನೊಂದು ಲೋಟ ಕೇಳಿದರಲ್ಲ, ಅವರು ಕೆಟ್ಟವರಲ್ಲ. ಬೇಲದ ಮರದ ಬುಡದಲ್ಲಿ ಮಂಡಿಯೂರಿ ಮಣ್ಣನ್ನು ಮುಟ್ಟಿ ನೋಡಿದರು. ಅವರ ಊರಿನ ಹತ್ತಿರ ಹೋದ ವರ್ಷ ಕಾಡಿಗೆ ಬೆಂಕಿ ಬಿದ್ದು, ವಾರಗಟ್ಟಲೆ ಹೊಗೆಯಲ್ಲೇ ಇದ್ದರಂತೆ. ಒಂದು ಗುಡ್ಡ ಹೀಗೆ ತಾನಾಗಿ ಏಳುವುದನ್ನು ಕಣ್ಣಾರೆ ಕಂಡಿರಲಿಲ್ಲ ಎಂದರು. ಸುಳ್ಳು ಹೊಗಳಿಕೆ ಅನಿಸಲಿಲ್ಲ.

ಅವರು ಒಂದು ಪ್ರಶ್ನೆ ಕೇಳಿದರು. ಬೇರೆ ಕಡೆಗಳಲ್ಲಿ ಬೇಲಿ ಹಾಕಿದ ಮೊದಲ ಬೇಸಿಗೆಯಲ್ಲೇ ಜನ ತಂತಿ ಕತ್ತರಿಸಿದ್ದಾರೆ, ಇಲ್ಲಿ ಒಂದು ಮುಳ್ಳೂ ಬಾಗಿಲ್ಲವಲ್ಲ, ಹೇಗೆ ಎಂದು. "ನಿರಂತರ ಅರಿವು ಕಾರ್ಯಕ್ರಮಗಳಿಂದ" ಎಂದರು ಶ್ರೀಕಾಂತ್. ನಾನು ತಲೆಯಾಡಿಸಿದೆ. ಅಂಥ ಕಾರ್ಯಕ್ರಮ ನಾನು ಮಾಡಿದ್ದು ಎರಡೇ. ಒಂದಕ್ಕೆ ಮಳೆ ಬಂತು. ಹಾಗಾದರೆ ನಿಜವಾಗಿ ಯಾಕೆ ಎಂಬುದು ನನಗೂ ಗೊತ್ತಿಲ್ಲ.

ಬೇಲಿಯ ವಿಷಯ ಇನ್ನೂ ಮಾತುಕತೆಯಲ್ಲಿದೆ. ಸ್ವಲ್ಪ ಮುಂದಕ್ಕೆ ಹೋಗಬಹುದು. ನೀವು ಯಾರಿಗೂ ಸದ್ಯಕ್ಕೆ ಏನೂ ಹೇಳಬೇಡಿ.

ಅಕ್ಕಿಯ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ವೇದವತಿ

*

ಬೇಲದಕೊಪ್ಪಲು
12 ನವೆಂಬರ್ 2024

ವೇದವ್ವ,

ಸ್ವಲ್ಪ ಅಂದ್ರೆ ಏಸು? ತಿಂಗಳಾ, ವರ್ಷವಾ? ನೀನು ಯಾವತ್ತೂ ಇಂಗೆ ಅಡ್ಡಡ್ಡ ಮಾತಾಡ್ದೋಳಲ್ಲ. ಕಾಗದವ ಎರಡು ಸಾರಿ ಓದ್ದೆ. ಮಣ್ಣು, ಮಜ್ಜಿಗೆ ಎಲ್ಲಾ ಉದ್ದಕೆ ಬರ್ದಿದ್ದೀಯೆ, ಬೇಲಿಗೆ ಬಂದಾಗ ಪೆನ್ನು ತೀರೋಯ್ತಾ?

ತಂತಿ ಯಾಕೆ ಕುಯ್ಲಿಲ್ಲ ಅಂತ ಗೊತ್ತಿಲ್ಲ ಅಂದ್ಯಲ್ಲ, ಅದ ಓದಿ ನನಗೆ ನಗ ಬಂತು, ಆಮೇಲೆ ನಗ ಬರ್ಲಿಲ್ಲ.

ಮೊದಲ್ನೇ ಬೇಸ್ಗೇಲೇ ಕುಯ್ಯಕ್ಕೆ ಓಗಿದ್ರು ಕಣವ್ವ. ಚಿಕ್ಕಬೋರಿ ಕೊಡ್ಲಿ ಇಡ್ಕೊಂಡು ಮುಂದೆ, ಇಂದ್ಗಡೆ ಆರೇಳು ಎಂಗಸ್ರು. ನಾನು ಅಡ್ಡ ನಿಂತ್ಕೊಂಡೆ. "ಏನಮ್ಮಿ, ಮಡಿಲಿಗ್ ಆಕಿದ್ದ ಮಗಳ ಕೈಯಿಂದ ಕಿತ್ಕೋತೀಯಾ?" ಅಂದೆ. ಅವಳು, "ಮಡಿಲಿಗ್ ಆಕಿದ್ದು ಅಕ್ಕಿ, ಗುಡ್ಡ ಅಲ್ಲ" ಅಂದ್ಳು. ದೇವಿರಮ್ಮ ಅಂತ ಒಬ್ಬಳು ಅವ್ಳಲ್ಲ, ಮುದುಕಿ, ಸೊಸೆ ಕೈ ಇಡ್ಕೊಂಡು ಬಂದಿದ್ಳು. "ಅವತ್ತು ಆ ಎಣ್ಣು ಬಂದು ಕೇಳಿದ್ದು ಗುಡ್ಡ. ನಾವು ಅದ್ಕೆ ಊ ಅಂದು ಮಡಿಲು ತುಂಬ್ದೊ. ಎರಡೂ ಒಂದೇಯ. ನಡೀರಿ ಮನೆಗೆ" ಅಂದ್ಳು. ನಡೆದ್ರು. ಅವತ್ತಿಂದ ಇವತ್ತಿನ ಗಂಟ ತಂತಿ ತಾವ್ಕೆ ಯಾರೂ ಓಗ್ಲಿಲ್ಲ.

ಕಾಗದದಲ್ಲಿ ಬರೆಸ್ಕೋಬೇಕಾಗಿತ್ತು ಅಂತ ಗಂಡಸ್ರು ಇವತ್ತೂ ಬಯ್ತರೆ. ಮಗಳ ತಾವು ಯಾರಾದ್ರೂ ಕಾಗದ ಬರೆಸ್ಕೋತಾರಾ?

ಏನಾಗದೆ ಅಂತ ಬಿಡಿಸಿ ಬರಿ. ನನ್ನ ಕಿವಿ ಓಗಿರೋದು, ಕಣ್ಣು ಅದೆ.

ಚಲುವಮ್ಮ

*

ಮದ್ದೂರು
3 ಡಿಸೆಂಬರ್ 2024

ಚಲುವಮ್ಮನವರಿಗೆ,

ಮೂವತ್ತು ವರ್ಷ.

ಬೇರೆ ಹೇಗೆ ಬರೆದರೂ ಅದು ಮೂವತ್ತೇ. ಗುಡ್ಡದ ಗಿಡಗಳು ಗಾಳಿಯಿಂದ ಹೀರಿಕೊಳ್ಳುವ ಹೊಗೆಗೆ ಒಂದು ಲೆಕ್ಕವಿದೆ. ಅಷ್ಟು ಹೊಗೆಯನ್ನು ಬೇರೆ ದೇಶದ ಯಾವುದೋ ಕಾರ್ಖಾನೆ, ಯಾವುದೋ ವಿಮಾನ ಬಿಟ್ಟರೂ ಸರಿಹೋಯಿತು ಎಂದು ನಿಧಿಯವರು ತಿಳಿಯುತ್ತಾರೆ. ಆ ಲೆಕ್ಕ ನಿಲ್ಲಬೇಕಾದರೆ ಕಾಡು ಮೂವತ್ತು ವರ್ಷ ಹಾಗೇ ಇರಬೇಕು, ಬೇಲಿಯೂ ಇರಬೇಕು. ಸಸಿ ಸತ್ತು ಗುಡ್ಡ ಬದುಕಿದ್ದು ಅವರಿಗೆ ನಿರೀಕ್ಷೆಗಿಂತ ಒಳ್ಳೆಯದೇ ಆಗಿದೆ. ನೀವು ಕಾದದ್ದೇ ನಿಮಗೆ ಮುಳುವಾಯಿತು. ಗುಡ್ಡ ಬೋಳಾಗಿಯೇ ಉಳಿದಿದ್ದರೆ ಸಂಕ್ರಾಂತಿಗೆ ಬಿಟ್ಟುಕೊಟ್ಟು ಹೋಗುತ್ತಿದ್ದರು.

ಇದರಲ್ಲಿ ಯಾರನ್ನು ಬಯ್ಯಬೇಕೋ ತಿಳಿಯುತ್ತಿಲ್ಲ. ಸೆಕೆ ಹೆಚ್ಚುತ್ತಿರುವುದು ಸುಳ್ಳಲ್ಲ. ಗುಡ್ಡ ಹಸಿರಾದದ್ದು ಸುಳ್ಳಲ್ಲ. ಆ ಹೆಂಗಸು ಮಣ್ಣು ಮುಟ್ಟಿ ನೋಡಿದ್ದೂ ನಾಟಕವಲ್ಲ. ಅವರ ಊರಿನ ಹೊಗೆಗೆ ನಿಮ್ಮ ಕುರಿ ಯಾಕೆ ಹಸಿದಿರಬೇಕು ಎಂದು, ನಾನು ಕೊಟ್ಟ ಮಾತು ಏನಾಯಿತು ಎಂದು ಶ್ರೀಕಾಂತ್ ಅವರನ್ನು ಕೇಳಿದೆ. "ನೀವು ಕೊಟ್ಟ ಮಾತು ಸಂಸ್ಥೆಯ ಮಾತಲ್ಲ" ಎಂದರು. ಕಾಗದದ ಮೇಲೆ ಅವರು ಹೇಳಿದ್ದು ಸರಿ. ಪಂಚಾಯಿತಿಯವರನ್ನು ಈಗಾಗಲೇ ಒಪ್ಪಿಸಿದ್ದಾರೆ.

ನೀವು ಬರೆದದ್ದನ್ನು ಓದಿದ ಮೇಲೆ ನಿದ್ದೆ ಸರಿಯಾಗಿಲ್ಲ. ನೀವು ಮಡಿಲು ತುಂಬಿದ್ದನ್ನು ನಾನು ಗೌರವ ಎಂದುಕೊಂಡಿದ್ದೆ. ಅತಿಥಿಗಳಿಗೆ ಶಾಲು ಹೊದಿಸುತ್ತಾರಲ್ಲ, ಹಾಗೆ. ಆದರೂ ಆ ಅಕ್ಕಿಯನ್ನು ಕಚೇರಿಯಲ್ಲಿ ಬಿಡದೆ ಮನೆಗೆ ತಂದು ಡಬ್ಬಿಯಲ್ಲಿಟ್ಟೆ. ನಾನು ಗಂಡನ ಮನೆ ಬಿಟ್ಟು ಬಂದವಳು. ಅದಾದ ಮೇಲೆ ನಮ್ಮಮ್ಮ ಹಬ್ಬಕ್ಕೆ ಸೀರೆ ಕೊಟ್ಟರೂ ಮಡಿಲು ತುಂಬುವುದನ್ನು ನಿಲ್ಲಿಸಿದರು. ಬೇಕೆಂದಲ್ಲ, ಮಡಿಲಕ್ಕಿ ಹೊತ್ತುಕೊಂಡು ಹೋಗಿ ಬೇಯಿಸಲು ನನಗೆ ಇನ್ನೊಂದು ಮನೆ ಇಲ್ಲವಲ್ಲ. ನೀವು ಹಾಕಿದ ಅಕ್ಕಿಯನ್ನು ಯಾವ ಒಲೆಯ ಮೇಲಿಡಬೇಕೋ ಗೊತ್ತಾಗಲಿಲ್ಲ. ಅದು ಇನ್ನೂ ಹಾಗೇ ಇದೆ.

ನಿಧಿಯವರಿಗೆ ನೇರವಾಗಿ ಬರೆಯುತ್ತೇನೆ. ಅದರಿಂದ ಏನಾದರೂ ಆಗುತ್ತದೆ ಎಂಬ ಭರವಸೆ ಕೊಡಲಾರೆ. ಭರವಸೆ ಕೊಡುವುದರಲ್ಲಿ ನನ್ನ ಯೋಗ್ಯತೆ ನೀವು ನೋಡಿದ್ದೀರಿ.

ವೇದವತಿ

*

ಮದ್ದೂರು
6 ಜನವರಿ 2025

ಚಲುವಮ್ಮನವರಿಗೆ,

ನಿಮ್ಮ ಉತ್ತರ ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕೂ ನನಗಿಲ್ಲ.

ನಿಧಿಯವರಿಗೆ ಬರೆದೆ. ಬೇಲಿ ಉಳಿದದ್ದು ಅರಿವು ಕಾರ್ಯಕ್ರಮದಿಂದಲ್ಲ, ಈ ಹೆಂಗಸರು ನನ್ನ ಮಡಿಲು ತುಂಬಿದ್ದರಿಂದ ಎಂದು ವಿವರಿಸಲು ಹೋದೆ. ಇಂಗ್ಲಿಷ್ ನನಗೆ ಬಾಲ್ಯದಿಂದ ಬಂದ ಭಾಷೆ. ಅದರಲ್ಲಿ ಮಡಿಲಕ್ಕಿ ಎಂದರೆ ಏನೆಂದು ಹೇಳಲು ಒಂದು ಪುಟ ಹಿಡಿಯಿತು, ಓದಿ ನೋಡಿದರೆ ಯಾವುದೋ ಬುಡಕಟ್ಟಿನ ಮೇಲಿನ ಪ್ರಬಂಧದ ಹಾಗಿತ್ತು. ಆಕೆಯಿಂದ ಸೌಜನ್ಯದ ಉತ್ತರ ಬಂದಿದೆ. ವಿಷಯ ಮನಕಲಕುವಂಥದ್ದು, ಮಾರ್ಚ್ ತಿಂಗಳ ಸಭೆಯಲ್ಲಿ ಇಡುತ್ತೇನೆ, ಅಲ್ಲಿಯವರೆಗೆ ಬೇಲಿ ಹೀಗೇ ಇರಲಿ ಎಂದು. ಆ ಸಭೆಯಾದ ಮೇಲೆ ಇನ್ನೊಂದು ಸಭೆ ಇರುತ್ತದೆ. ಈ ಕೆಲಸದಲ್ಲಿ ನಾನು ಹಳಬಳು.

ಅದಕ್ಕೇ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಸಂಕ್ರಾಂತಿಯ ದಿನ ಬರುತ್ತೇನೆ, ಆ ಅಕ್ಕಿಯನ್ನು ತರುತ್ತೇನೆ. ವಾಪಸ್ ತೆಗೆದುಕೊಳ್ಳಿ. ಆಮೇಲೆ ಗುಡ್ಡ ಮಗಳ ಮಡಿಲಲ್ಲಿ ಇರುವುದಿಲ್ಲ. ಒಂದು ಸಂಸ್ಥೆ ಹಾಕಿದ ತಂತಿ ಮಾತ್ರ ಇರುತ್ತದೆ. ಸಂಸ್ಥೆಯ ಜೊತೆ ನೀವು ಹೇಗೆ ಬೇಕಾದರೂ ನಡೆದುಕೊಳ್ಳಬಹುದು.

ಇದು ನಿಮಗೆ ಮಾಡುವ ಉಪಕಾರವೋ, ನಾನು ಹಗುರಾಗುವ ಉಪಾಯವೋ ನನಗೇ ಸ್ಪಷ್ಟವಿಲ್ಲ.

ವೇದವತಿ

*

ಬೇಲದಕೊಪ್ಪಲು
20 ಜನವರಿ 2025

ವೇದವ್ವ,

ನೀನು ಬಂದಾಗ ನಾನು ಒಳಗೇ ಇದ್ದೆ. ಕೊಟ್ಗೇಲಿ ಕುಂತಿದ್ದೆ. ಕುರಿ ಮೇಯ್ಸಕ್ ಓಗವ್ಳೆ ಅಂತ ಚಿಕ್ಕಬೋರಿ ಕೈಲಿ ನಾನೇ ಸುಳ್ಳು ಏಳಿಸ್ದೆ. ನಿನ್ನ ಮೊಕ ನೋಡಿದ್ರೆ ಬಯ್ಯಕ್ ಆಯ್ತಿರ್ಲಿಲ್ಲ, ನನಗೆ ಬಯ್ಯಬೇಕಾಗಿತ್ತು.

ನೀನು ಅಕ್ಕೀನ ಜಗಲಿ ಮೇಲೆ ಮಡಗ್ಬುಟ್ಟು, ನೀರೂ ಕುಡೀದೆ ಬಸ್ಸಿಗೆ ಓದ್ಯಂತೆ. ಅಬ್ಬದ ದಿನ, ದನಕ್ಕೆಲ್ಲ ಮೈ ತೊಳ್ದು ಕೊಂಬಿಗೆ ಬಣ್ಣ ಬಳ್ದು ನಿಲ್ಲಿಸಿದ್ರೆ, ಎಲ್ಲಾ ಎಂಗಸ್ರೂ ಆ ಡಬ್ಬಿ ಸುತ್ತ ಸೇರ್ಕೊಂಡವ್ರೆ. ಚಿಕ್ಕಬೋರಿ ಮುಚ್ಚಳ ತೆಗ್ದು, "ಊಂ, ನುಸಿ ಬಿದ್ದದೆ. ಕುರಿಗ್ ಆಕಿ, ಅವಳ ಗುಡ್ಡದಲ್ಲಿ ಮೇಯದೇ ಇರೋವು ಅವಳ ಅಕ್ಕೀನಾರು ತಿನ್ಲಿ" ಅಂದ್ಳು. ಇನ್ನೊಬ್ಬಳು, ಮಡಿಲಕ್ಕಿ ವಾಪಸ್ ಬಂದ್ರೆ ಊರಿಗೇ ಕೇಡು, ನಾಲೆಗೆ ಸುರೀರಿ ಅಂದ್ಳು. ನಾನು ಈಚೆಗೆ ಬಂದು ಯಾರೂ ಮುಟ್ಟಕೂಡ್ದು ಅಂದೆ. ಜಗಳ ಅಂದ್ರೆ ಜಗಳ. ನನಗೆ ಅರ್ಧ ಕೇಳ್ಲಿಲ್ಲ, ಅದೇ ಒಳ್ಳೇದಾಯ್ತು.

ಆಗ ದೇವಿರಮ್ಮ ಕೇಳಿದ್ಳು. "ಅವತ್ತು ಆ ಎಣ್ಣು ಓಗೋವಾಗ ಒಂದಿಡಿ ಅಕ್ಕಿ ಬುಟ್ಟೋದ್ಳಾ?"

ನೀನು ಬುಡ್ಲಿಲ್ಲ ಕಣವ್ವ. ಮಡಿಲು ತುಂಬಿಸ್ಕೊಂಡ ಮಗಳು ಒಸಲು ದಾಟೋ ಮುಂಚೆ ಅದ್ರಲ್ಲಿ ಒಂದಿಡಿ ತೆಗ್ದು ತವ್ರುಮನೆಗೇ ಬುಟ್ಟೋಗ್ಬೇಕು. ಎಲ್ಲಾ ಬಳ್ಕೊಂಡು ಓಗಬಾರ್ದು, ತವ್ರಲ್ಲೂ ಉಳೀಬೇಕು. ನಿನಗೆ ಗೊತ್ತಿರ್ಲಿಲ್ಲ, ನಾವೂ ಏಳ್ಲಿಲ್ಲ. ಜೀಪು ನಿಂತಿತ್ತು, ಪಟ ತೆಗೆಯೋನು ಬಿರ್ರನೆ ಬನ್ನಿ ಅಂತಿದ್ದ. ಆ ಗಡಿಬಿಡೀಲಿ ಮರ್ತೋಯ್ತು. ಎಣ್ಣಿಗೆ ಏಳ್ಕೊಡ್ಬೇಕಾದೋರು ನಾವಲ್ವಾ?

ದೇವಿರಮ್ಮನೇ ಒಂದಿಡಿ ತೆಗ್ದು ನಮ್ಮ ದೇವ್ರ ಮನೆ ಮಡಕೆಗೆ ಆಕಿದ್ಳು. ಮಿಕ್ಕಿದ್ದ ವಾಪಸ್ ಕಳಿಸವ್ನಿ. ಈ ಕಾಗದನೂ ಡಬ್ಬಿ ಒಳಗೇ ಮಡಗಿ, ಮಳವಳ್ಳಿ ಬಸ್ಸಿನ ಕಂಡಕ್ಟ್ರು ಕೈಲಿ ಕೊಟ್ಟಿವ್ನಿ. ಅವ್ನು ಮದ್ದೂರು ಬಸ್ಸಿನೋನಿಗ್ ಕೊಡ್ತನೆ, ಅಂವ ನಿಮ್ಮ ಆಪೀಸಿಗೆ ತಲುಪಿಸ್ತನೆ. ನುಸಿ ಕೇರ್ಕೊ.

ಮಾರ್ನೆ ದಿನ ಬೇಲದ ಮರದ ತಾವು, ಕೆಳಗಡೆ, ತಂತಿ ಕುಯ್ದೊ. ಎಲ್ಲಾ ಅಲ್ಲ. ಎರಡು ಕಂಬದ ನಡುವೆ, ಒಂದು ಮಂದೆ ನುಗ್ಗೋವಷ್ಟು. ಒಳಗೆ ಕೆಳಗಿನ ತೆವರು ಅದ್ಯಲ್ಲ, ಅಲ್ಲೀಗಂಟ ಮಾತ್ರ ಬುಡೋದು. ಮೇಲಕ್ಕೆ ಅತ್ತದಂಗೆ ದಿನಾ ಒಬ್ರು ನಿಂತ್ಕತೀವಿ. ಚಿಕ್ಕಬೋರಿ ಮೊದಲ್ನೇ ದಿನ ನಿಂತ್ಕೊಂಡ್ಳು. ಅವಳ ಕುರೀನೇ ಮೇಲಕ್ ಓಡೋದ್ವು, ಅಟ್ಟಾಡಿಸ್ಕೊಂಡು ಬಂದು ನನ್ನೇ ಬಯ್ದಳು.

ಗುಡ್ಡ ನಿನ್ ತಾವೇ ಇರ್ಲಿ. ಒಂದಿಡಿ ಮಾತ್ರ ನಮ್ದು. ನಿಮ್ಮೋರಿಗೆ ಏನಂತ ಏಳ್ತೀಯೋ ಏಳ್ಕೊ.

ಚಲುವಮ್ಮ

*

ಮದ್ದೂರು
16 ಫೆಬ್ರವರಿ 2025

ಅವ್ವನಿಗೆ,

ತಿಂಗಳ ವರದಿಯಲ್ಲಿ ಬೇಲಿ ಸುಸ್ಥಿತಿಯಲ್ಲಿದೆಯೇ ಎಂಬ ಪ್ರಶ್ನೆ ಇರುತ್ತದೆ. ಪ್ರತಿ ತಿಂಗಳೂ ಹೌದು ಎಂದು ಬರೆದವಳು ಈ ಸಲ ಇಲ್ಲ ಎಂದು ಬರೆದೆ. ಕೆಳಗಿನ ಅಂಚಿನಲ್ಲಿ ಊರಿನ ಕುರಿಗಳಿಗೆ ದಾರಿ ಬಿಡಲಾಗಿದೆ, ನನ್ನ ಒಪ್ಪಿಗೆಯಿಂದ ಎಂದೂ ಸೇರಿಸಿದೆ. ಶ್ರೀಕಾಂತ್ ಕರೆಸಿದರು. "ನಿಮ್ಮ ಒಪ್ಪಿಗೆ ಎಂದರೇನು ವೇದವತಿ? ಗುಡ್ಡ ನಿಮ್ಮದಾ?" ಎಂದು ಕೇಳಿದರು. ಏನು ಹೇಳಿದರೂ ಮತ್ತೆ ಕವಿತೆ ಎನ್ನುತ್ತಾರೆಂದು ಎದ್ದು ಬಂದೆ.

ಮುಂದಿನ ತಿಂಗಳಿನಿಂದ ಕಾರೆಗುಡ್ಡದ ಕೆಲಸ ನನ್ನದಲ್ಲ. ಬೇರೆಯವರು ಬರುತ್ತಾರೆ. ನಿಧಿಯವರು ಈ ಗುಡ್ಡವನ್ನು ಲೆಕ್ಕದಲ್ಲಿ ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ ಗೊತ್ತಿಲ್ಲ. ಕುಯ್ದ ಜಾಗಕ್ಕೆ ತಂತಿ ಕಟ್ಟಲು ಜನರನ್ನು ಕಳಿಸಿದರೂ ಕಳಿಸಬಹುದು. ಕಳಿಸಿದರೆ ನನಗೆ ಕಾಗದ ಬೇಡ, ಯಾರ ಕೈಯಲ್ಲಾದರೂ ಫೋನ್ ಮಾಡಿಸಿ. ಮೊದಲ ಬಸ್ಸಿಗೆ ಬಂದು ನಿಮ್ಮ ಪಕ್ಕ ನಿಲ್ಲುತ್ತೇನೆ. ಅದರಿಂದ ತಂತಿ ಕಟ್ಟುವುದು ನಿಲ್ಲುತ್ತದೆಂದು ಹೇಳಲಾರೆ. ನಿಲ್ಲುವುದಷ್ಟೇ ನನ್ನ ಕೈಯಲ್ಲಿದೆ.

ಡಬ್ಬಿ ಸಿಕ್ಕಿತು. ಮೊರ ಹಿಡಿದು ಕೇರಲು ಬರಲಿಲ್ಲ. ಅರ್ಧ ಅಕ್ಕಿ ಅಡುಗೆಮನೆಯ ನೆಲದ ಮೇಲಾಯಿತು. ಆರಿಸಿ, ತೊಳೆದು, ಈ ಬಾಡಿಗೆ ಮನೆಯ ಗ್ಯಾಸ್ ಒಲೆಯ ಮೇಲೇ ಇಟ್ಟೆ. ಪಾಯಸ ಮಾಡಲಿಲ್ಲ, ಬರೀ ಅನ್ನ. ಸ್ವಲ್ಪ ಮುಗ್ಗಲು ವಾಸನೆ ಇತ್ತು. ಉಂಡೆ.

ಯುಗಾದಿ ಕಳೆದ ಮೇಲೆ ಬರುತ್ತೇನೆ, ಸಂಸ್ಥೆಯ ಜೀಪಿನಲ್ಲಲ್ಲ. ನೀವು ಮತ್ತೆ ಮಡಿಲು ತುಂಬುವುದಾದರೆ, ಹೊಸಿಲು ದಾಟುವ ಮುಂಚೆ ನನಗೆ ನೆನಪು ಮಾಡಿ.

ವೇದ